ಟವೆಲಿನ ಅಡಿಯ ಬೆರಳು

ಆನ್‌ಲೈನ್ ಆಟದಲ್ಲಿ ಅಂಕ ಆಟಗಾರನ ಕಣ್ಣೆದುರೇ ಏರುತ್ತದೆ, ಇಳಿಯುತ್ತದೆ. ಸೋತವನೂ ಮತ್ತೆ ಬರುವುದು ಅದಕ್ಕೇ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಅಡತಿ ವ್ಯಾಪಾರ ಈ ಪಾಠ ಕಲಿತದ್ದು ತಡವಾಗಿ. ದೇಶದ ಹಲವು ಹಳೆಯ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ಟವೆಲಿನ ಅಡಿ ಕೈ ಸೇರಿಸಿ, ಬೆರಳು ಒತ್ತಿ ದರ ಹೇಳಿಕೊಳ್ಳುತ್ತಿದ್ದರು. ಚೀಲದ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಂಡದ್ದು ಬರೀ ಬಟ್ಟೆಯ ಅಲುಗಾಟ. ಇಂಥ ಗುಟ್ಟಿಗೆ ಕಡಿವಾಣ ಹಾಕಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು: ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ 1930ರ ಹೈದರಾಬಾದ್ ಕಾಯ್ದೆ, ಏಕೀಕರಣದ ನಂತರ 1966ರ ರಾಜ್ಯ ಕಾಯ್ದೆ. ಅಷ್ಟರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರನ್ನು ನೆಲ್ಲಿನ ಊರಾಗಿಸಿತ್ತು.

ನಡುರಾತ್ರಿ ಮದುವೆಯ ಖರ್ಚಿಗೆ ಹಣ ಕೊಡುವವನು ಅಡತಿದಾರ, ಆನ್‌ಲೈನ್ ಹರಾಜಿನ ಪರದೆಯಲ್ಲ ಎನ್ನುವವರಿದ್ದಾರೆ. ಸುಳ್ಳೇನಲ್ಲ. ಆದರೆ ಆ ಮುಂಗಡವೇ ಬೆಳೆಯನ್ನು ಅದೇ ಅಂಗಡಿಗೆ ಕಟ್ಟಿಹಾಕುತ್ತದೆ, ಉಪಕಾರದಲ್ಲೇ ಉರುಳಿದೆ. ಆಟಗಳೇನೂ ಸಾಚಾ ಅಲ್ಲ ಬಿಡಿ, ದಿನಕ್ಕೊಂದು ಬಹುಮಾನದ ಆಸೆ ತೋರಿಸಿ ಅವೂ ಕಟ್ಟಿಹಾಕುತ್ತವೆ. ವ್ಯಾಪಾರ ಅವುಗಳಿಂದ ಪಡೆಯಬೇಕಾದದ್ದು ಆ ಗಾಳವನ್ನಲ್ಲ, ಬಯಲಲ್ಲಿ ಕಾಣುವ ಅಂಕವನ್ನು. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಹರಾಜನ್ನು ಪರದೆಗೆ ತಂದಿತು. ಮಾಲು ತರುವ ರೈತರು ದರದ ಚೀಟಿ, ತೂಕದ ಚೀಟಿ ಎರಡನ್ನೂ ಕೇಳಿ ಪಡೆಯಲಿ.