ಗಾಂಧೀಜಿಯವರ ಹಡಗಿನ ಸಾಮಾನು

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ಮಿತ್ರರೊಬ್ಬರು ಮನೆಗೆ ಬಂದು, ಮಗಳೂ ಅಳಿಯನೂ ತಮ್ಮನ್ನು ವಿಹಾರದ ಹಡಗೊಂದರಲ್ಲಿ ಒಂದು ವಾರದ ಸಮುದ್ರಯಾನಕ್ಕೆ ಕರೆದೊಯ್ಯಲಿರುವರೆಂಬ ಸಂಗತಿಯನ್ನು ತಿಳಿಸಿದರು. ತಿಳಿಸಿದ್ದೇನೋ ಸಂತೋಷದಿಂದಲೇ. ಆದರೆ ಕೈಯಲ್ಲಿ ಎರಡು ಪುಟದ ಪಟ್ಟಿಯೊಂದಿತ್ತು: ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ, ವಾಂತಿಯ ಮಾತ್ರೆ, ಎರಡು ಜೊತೆ ಬೂಟು, ಒಂದು ದುರ್ಬೀನು. “ಹಡಗಿನಲ್ಲಿ ಊಟ ಸಿಗುವುದಿಲ್ಲವೇನು ರಾಯರೇ?” ಎಂದು ಕೇಳಿದೆ. “ದಿನಕ್ಕೆ ಐದು ಸಲ ಸಿಗುತ್ತದಂತೆ. ಆದರೆ ಯಾವುದರಲ್ಲಿ ಏನಿರುತ್ತದೋ, ಯಾರನ್ನು ಕೇಳುವುದು?” ಎಂದರು.

ನಕ್ಕುಬಿಡಬಹುದಾಗಿದ್ದ ಮಾತು. ಆದರೆ ಇದೇ ಸಂಕೋಚದಿಂದ ನರಳಿದ ಇನ್ನೊಬ್ಬ ಪ್ರಯಾಣಿಕರ ನೆನಪು ನನಗಾಯಿತು. 1888ನೆಯ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ‘ಕ್ಲೈಡ್’ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸಮುದ್ರ ದಾಟುವುದು ಧರ್ಮಕ್ಕೆ ವಿರುದ್ಧವೆಂದು ಜಾತಿಯ ಪಂಚಾಯಿತಿ ಅವರನ್ನು ಬಹಿಷ್ಕರಿಸಿತ್ತು. ಅವರಿಗೆ ನೆರವಾದವರಿಗೂ, ಬೀಳ್ಕೊಡಲು ಹಡಗುಕಟ್ಟೆಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಶೇಠರು ಸಾರಿದ್ದರು.

ಇಷ್ಟೆಲ್ಲವನ್ನೂ ಎದುರಿಸಿ ಹಡಗು ಹತ್ತಿದ ಹುಡುಗನಿಗೆ ಊಟದ ಮೇಜನ್ನು ಎದುರಿಸುವ ಧೈರ್ಯ ಮಾತ್ರ ಬರಲಿಲ್ಲ. ಚಾಕು, ಮುಳ್ಳುಚಮಚ ಹಿಡಿಯಲು ತಿಳಿಯದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳೋಣವೆಂದರೆ ಇಂಗ್ಲಿಷಿನಲ್ಲಿ ಬಾಯಿ ಬಾರದು. ಆದ್ದರಿಂದ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಸಿಹಿತಿಂಡಿಯನ್ನೂ ಹಣ್ಣನ್ನೂ ತಮ್ಮ ಕೋಣೆಯಲ್ಲೇ ಕುಳಿತು ತಿನ್ನುತ್ತ ಬಹಳ ದಿನ ಕಳೆದರು. ಅದೇ ಕೋಣೆಯಲ್ಲಿದ್ದ ಜುನಾಗಢದ ವಕೀಲ ಮಜುಂದಾರರು ಲೋಕ ಕಂಡವರು. ಹೊರಗೆ ಬಾ, ನಾಲ್ಕು ಜನರೊಡನೆ ಮಾತನಾಡು, ತಪ್ಪಾದರೆ ಆಗಲಿ ಎಂದು ಅವರು ಎಷ್ಟು ಹೇಳಿದರೂ ಉಪಯೋಗವಾಗಲಿಲ್ಲವಂತೆ.

ಆತ್ಮಕಥೆಯನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕನ್ನಡದಲ್ಲಿ ಓದಿರುವ ವಾಚಕರಿಗೆ ಸಾಬೂನಿನ ಪ್ರಸಂಗ ನೆನಪಿರಬಹುದು. ಆಗಿನ ಹಡಗುಗಳಲ್ಲಿ ಸ್ನಾನಕ್ಕೆ ಸಮುದ್ರದ ನೀರೇ ಗತಿ. ಉಪ್ಪುನೀರಿನಲ್ಲಿ ಸಾಬೂನು ಕರಗುವುದಿಲ್ಲ, ಮೈಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಆದರೂ ಸಾಬೂನು ಹಚ್ಚುವುದೇ ನಾಗರಿಕತೆಯ ಗುರುತೆಂದು ನಂಬಿ ಇವರು ನಿತ್ಯವೂ ಹಚ್ಚಿದರು. ಮೈಯೆಲ್ಲ ಹುಳುಕಡ್ಡಿಯಾಯಿತು. ಲಂಡನ್ನಿನಲ್ಲಿ ಡಾಕ್ಟರ್ ಮೆಹತಾ ಅದಕ್ಕೆ ಅಸೆಟಿಕ್ ಆಮ್ಲ ಹಚ್ಚಲು ಹೇಳಿದರು. ಅದರ ಉರಿಗೆ ಕಣ್ಣೀರು ಬಂತೆಂದು ಗಾಂಧೀಜಿಯವರೇ ಬರೆದಿದ್ದಾರೆ. ಇಂದಿನ ಹಡಗುಗಳಲ್ಲಿ ಸಮುದ್ರದ ನೀರನ್ನೇ ಸಿಹಿನೀರಾಗಿ ಮಾಡುವ ಯಂತ್ರಗಳಿರುವುದರಿಂದ ನಮ್ಮ ಮಿತ್ರರಿಗೆ ಈ ಭಯವಿಲ್ಲ.

ಬಟ್ಟೆಯದು ಇನ್ನೊಂದು ಕಥೆ. ಇಂಗ್ಲೆಂಡಿನ ನೆಲದ ಮೇಲೆ ಕಾಲಿಡುವಾಗ ಬಿಳಿ ಉಡುಪೇ ಚೆನ್ನೆಂದು ಯೋಚಿಸಿ, ಸ್ನೇಹಿತರು ಹೊಲಿಸಿಕೊಟ್ಟಿದ್ದ ಬಿಳಿಯ ಫ್ಲಾನೆಲ್ ಸೂಟನ್ನು ಪ್ರಯಾಣದುದ್ದಕ್ಕೂ ಮುಟ್ಟದೆ ಜೋಪಾನವಾಗಿಟ್ಟಿದ್ದರು. ಅದನ್ನು ತೊಟ್ಟು ಇಳಿದು ನೋಡುತ್ತಾರೆ, ಶರತ್ಕಾಲದ ಆ ಚಳಿಯಲ್ಲಿ ಬಿಳಿ ತೊಟ್ಟವರು ತಾವೊಬ್ಬರೇ! ಪೆಟ್ಟಿಗೆಗಳೂ ಬೀಗದ ಕೈಗಳೂ ಏಜೆಂಟರ ವಶಕ್ಕೆ ಹೋಗಿಬಿಟ್ಟಿದ್ದವು. ಅಂದು ಶನಿವಾರ; ಸೋಮವಾರದವರೆಗೆ ಬೇರೆ ಉಡುಪು ಕೈಗೆ ಬರುವಂತಿರಲಿಲ್ಲ.

ಸಹಪ್ರಯಾಣಿಕನಾಗಿದ್ದ ಒಬ್ಬ ಇಂಗ್ಲಿಷಿನವನು, ಬಿಸ್ಕೇ ಕೊಲ್ಲಿಯವರೆಗೆ ಮಾಂಸವಿಲ್ಲದೆ ನಡೆದೀತು, ಅಲ್ಲಿಂದಾಚೆಗೆ ಚಳಿಯಲ್ಲಿ ಬದುಕಲಾಗದು ಎಂದು ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಸಿದ್ದ. ಕೊಲ್ಲಿಯೂ ದಾಟಿತು, ಮಾಂಸದ ಅಗತ್ಯವೂ ಬೀಳಲಿಲ್ಲ. ತಾನು ಮಾಂಸ ತಿಂದಿಲ್ಲವೆಂದು ಗಾಂಧಿಯವರು ಅದೇ ಇಂಗ್ಲಿಷಿನವನಿಂದ ಒಂದು ಸರ್ಟಿಫಿಕೇಟು ಬರೆಸಿಕೊಂಡರು. ಮಾಂಸ ತಿಂದವರಿಗೂ ಅಂಥ ಸರ್ಟಿಫಿಕೇಟು ಸಿಗುತ್ತದೆಂದು ಮುಂದೆ ತಿಳಿದಾಗ ಅದರ ಮೇಲಿದ್ದ ಮೋಹ ಹೋಯಿತು.

ಹೀಗೆ ಪೆಟ್ಟುತಿಂದು ಕಲಿತದ್ದನ್ನು ಅವರು ವ್ಯರ್ಥಮಾಡಲಿಲ್ಲ. 1893-94ರ ಸುಮಾರಿಗೆ, ಇಂಗ್ಲೆಂಡಿಗೆ ಹೋಗಬಯಸುವ ಭಾರತೀಯ ವಿದ್ಯಾರ್ಥಿಗಳಿಗಾಗಿ ‘ಗೈಡ್ ಟು ಲಂಡನ್’ ಎಂಬ ಕೈಪಿಡಿಯನ್ನು ಬರೆದರು. ಏನೇನು ಉಡುಪು ಬೇಕು, ಯಾವುದಕ್ಕೆ ಎಷ್ಟು ಬೆಲೆ, ವಾರಕ್ಕೆ ಒಂದು ಪೌಂಡಿನಲ್ಲಿ ಲಂಡನ್ನಿನಲ್ಲಿ ಹೇಗೆ ಬದುಕಬಹುದು ಎಂಬ ಲೆಕ್ಕವೆಲ್ಲ ಅದರಲ್ಲಿದೆ. ಅವರ ಸಮಗ್ರ ಬರಹಗಳ ಮೊದಲ ಸಂಪುಟದಲ್ಲಿ ಇದನ್ನು ಓದುವಾಗ, ಕೋಣೆಯೊಳಗೆ ಕುಳಿತು ಮಿಠಾಯಿ ತಿನ್ನುತ್ತಿದ್ದ ಆ ಹುಡುಗನಿಗೆ ಯಾರಾದರೂ ಹೀಗೊಂದು ಪುಸ್ತಕ ಕೊಟ್ಟಿದ್ದರೆ ಎಂದು ನನಗೆ ಅನ್ನಿಸದೆ ಇರಲಿಲ್ಲ.

ಆದರೆ ಪ್ರಯಾಣಿಕನ ಸಾಮಾನಿನಲ್ಲಿ ಕಣ್ಣಿಗೆ ಕಾಣುವ ಪೆಟ್ಟಿಗೆಗಳಷ್ಟೇ ಇರುವುದಿಲ್ಲ. 1893ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಕ್ಕೆ ಹೊರಟಾಗ ಹಡಗಿನ ಮೊದಲನೆಯ ದರ್ಜೆಯಲ್ಲಿ ಸ್ಥಳವಿರಲಿಲ್ಲ. ಮೊಜಾಂಬಿಕ್‌ನ ಗವರ್ನರ್ ಜನರಲ್ ಅದೇ ಹಡಗಿನಲ್ಲಿ ಹೋಗುತ್ತಿದ್ದರು. ಡೆಕ್ಕಿನ ಮೇಲೆ ಹೋಗಬಹುದಲ್ಲ ಎಂದರು ಏಜೆಂಟರು. ಬ್ಯಾರಿಸ್ಟರಾದವನು ಡೆಕ್ಕಿನ ಪ್ರಯಾಣಿಕನಾಗುವುದೇ? ಗಾಂಧಿಯವರು ಒಪ್ಪಲಿಲ್ಲ. ನೇರವಾಗಿ ಹಡಗಿಗೇ ಹೋಗಿ ಮುಖ್ಯ ಅಧಿಕಾರಿಯನ್ನು ಕಂಡು, ಆತನ ಸ್ವಂತ ಕೋಣೆಯಲ್ಲಿದ್ದ ಒಂದು ಹೆಚ್ಚುವರಿ ಮಂಚವನ್ನು ಪಡೆದರು. ಕೋಣೆಯಿಂದ ಹೊರಬರಲು ಅಂಜುತ್ತಿದ್ದವರು ಐದು ವರ್ಷಗಳಲ್ಲಿ ಇಷ್ಟು ದೂರ ಬಂದಿದ್ದರು. ಕ್ಯಾಪ್ಟನ್ನನೊಡನೆ ಚದುರಂಗವಾಡಿ ದಿನವೂ ಸೋಲುತ್ತಿದ್ದರು. ಲಾಮು ಬಂದರಿನಲ್ಲಿ ಇಳಿದವರು ಸ್ವಲ್ಪ ತಡಮಾಡಿ, ದೋಣಿ ಪ್ರವಾಹಕ್ಕೆ ಸಿಕ್ಕು, ಹಡಗು ತಲುಪುವ ಹೊತ್ತಿಗೆ ಏಣಿಯನ್ನು ಎತ್ತಿಯಾಗಿತ್ತು. ಹಗ್ಗ ಹಾಕಿ ಇವರನ್ನು ಮೇಲಕ್ಕೆ ಎಳೆದುಕೊಂಡರು. ಹಿಂದೆ ಉಳಿದವರು ಉಳಿದರು. ಬಂದರಿನಲ್ಲಿ ಇಳಿದರೆ ಹೊತ್ತಿಗೆ ಮೊದಲೇ ಹಿಂದಿರುಗಬೇಕೆಂಬ ಬುದ್ಧಿಮಾತನ್ನು ಇಂದಿಗೂ ಪ್ರತಿ ಹಡಗಿನಲ್ಲಿಯೂ ಹೇಳುತ್ತಾರೆ.

ಆ ಬ್ಯಾರಿಸ್ಟರಿಕೆಯ ಭಾರವನ್ನು ಮನೆಯವರೂ ಹೊರಬೇಕಾಯಿತು. 1896ರ ಕೊನೆಯಲ್ಲಿ ಕಸ್ತೂರಬಾ, ಇಬ್ಬರು ಗಂಡುಮಕ್ಕಳು ಮತ್ತು ಸೋದರಿಯ ಮಗನೊಡನೆ ‘ಕೋರ್ಲ್ಯಾಂಡ್’ ಹಡಗಿನಲ್ಲಿ ಡರ್ಬನ್ನಿಗೆ ಹೊರಟಾಗ, ಭಾರತೀಯರಲ್ಲಿ ಪಾರ್ಸಿಗಳೇ ಹೆಚ್ಚು ನಾಗರಿಕರೆಂಬ ಭಾವನೆಯಿಂದ ಕಸ್ತೂರಬಾ ಅವರಿಗೆ ಪಾರ್ಸಿ ಸೀರೆ, ಮಕ್ಕಳಿಗೆ ಪಾರ್ಸಿ ಕೋಟು ಷರಾಯಿಗಳನ್ನು ಗೊತ್ತುಮಾಡಿದರು. ಬೂಟು ಕಾಲುಚೀಲಗಳಂತೂ ಕಡ್ಡಾಯ. ಬೂಟು ಕಾಲನ್ನು ಕಚ್ಚಿತು, ಕಾಲುಚೀಲ ಬೆವರಿಗೆ ನಾರಿತು, ಬೆರಳುಗಳು ಹುಣ್ಣಾದವು. ಮಕ್ಕಳು ಗೋಳಾಡಿದಾಗೆಲ್ಲ ಗಾಂಧೀಜಿಯವರ ಬಳಿ ಉತ್ತರ ಸಿದ್ಧವಾಗಿತ್ತು. ಆ ಉತ್ತರಗಳಿಂದಲ್ಲ, ತಮ್ಮ ಅಧಿಕಾರದ ಬಲದಿಂದ ಅವರು ಒಪ್ಪಿಕೊಂಡರೆಂದು ಮುಂದೆ ತಾವೇ ಬರೆದರು. ಕಸ್ತೂರಬಾ ಅವರು ಆ ಹಡಗಿನಲ್ಲಿ ಏನೆಂದುಕೊಂಡರೋ, ಅದನ್ನು ಬರೆದಿಟ್ಟವರಿಲ್ಲ.

ಡರ್ಬನ್ ಸಮೀಪಿಸಿದಾಗ ಭಾರಿ ಬಿರುಗಾಳಿಯೆದ್ದಿತು. ಹಿಂದೂಗಳು, ಮುಸಲ್ಮಾನರು ಎಲ್ಲರೂ ಭೇದ ಮರೆತು ಪ್ರಾರ್ಥನೆಗೆ ಕುಳಿತರು. ಗಾಂಧೀಜಿಯವರನ್ನು ಸಮುದ್ರದ ಕಾಯಿಲೆ ಮುಟ್ಟುತ್ತಿರಲಿಲ್ಲ. 1891ರ ಮಳೆಗಾಲದಲ್ಲಿ ಏಡನ್ನಿನಿಂದ ಮುಂಬಯಿಗೆ ಬರುವಾಗ ಹೆಚ್ಚುಕಡಿಮೆ ಎಲ್ಲರೂ ಮಲಗಿದ್ದರೂ ಇವರು ಡೆಕ್ಕಿನ ಮೇಲೆ ನಿಂತು ಅಲೆಗಳ ಎರಚಲನ್ನು ಅನುಭವಿಸಿದ್ದರು. ಈಗಲೂ ಅವರು ಕ್ಯಾಪ್ಟನ್ನನ ಬಳಿಯಿಂದ ಸುದ್ದಿ ತಂದು ಜನಕ್ಕೆ ಧೈರ್ಯ ಹೇಳುತ್ತ ತಿರುಗಿದರು. ಗಾಳಿ ನಿಂತಿತು; ಪ್ರಾರ್ಥನೆಯ ಆ ಗಾಂಭೀರ್ಯವೂ ನಿಂತಿತು. ಆದರೆ ಬಂದರಿನಲ್ಲಿ ಕಾದಿದ್ದುದು ಬೇರೆ ಬಿರುಗಾಳಿ. ಮುಂಬಯಿಯಲ್ಲಿ ಪ್ಲೇಗ್ ಇದೆಯೆಂಬ ನೆಪದಿಂದ ಎರಡು ಹಡಗುಗಳನ್ನು, ಸುಮಾರು ಎಂಟುನೂರು ಜನರನ್ನು, 1897ರ ಜನವರಿ 13ರವರೆಗೆ ಇಳಿಯಗೊಡದೆ ನಿಲ್ಲಿಸಿದರು. ಹಿಂದಿರುಗದಿದ್ದರೆ ಸಮುದ್ರಕ್ಕೆ ತಳ್ಳುವೆವೆಂದು ದಡದ ಬಿಳಿಯರು ಬೆದರಿಸಿದರು. ಇಳಿದ ದಿನವೇ ಗಾಂಧೀಜಿಯವರ ಮೇಲೆ ಗುಂಪು ಬಿದ್ದು ಹೊಡೆಯಿತು. ನಾಗರಿಕರಂತೆ ಕಾಣಲೆಂದು ಸಹಿಸಿದ ಬೂಟು ಅಲ್ಲಿ ಯಾವ ಪ್ರಯೋಜನಕ್ಕೂ ಬರಲಿಲ್ಲ.

1909ರ ನವೆಂಬರ್‌ನಲ್ಲಿ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ, ಹಡಗಿನದೇ ಕಾಗದದ ಮೇಲೆ, ಬಲಗೈ ಸೋತಾಗ ಎಡಗೈಯಲ್ಲಿ ‘ಹಿಂದ್ ಸ್ವರಾಜ್’ ಬರೆದದ್ದು ಎಲ್ಲರಿಗೂ ತಿಳಿದ ಕಥೆ; ಅದನ್ನು ವಿಸ್ತರಿಸುವುದಿಲ್ಲ. ನನಗೆ ಅದಕ್ಕಿಂತ ಪ್ರಿಯವಾದದ್ದು 1914ರ ಜುಲೈನ ಪ್ರಯಾಣ. ಕಸ್ತೂರಬಾ ಮತ್ತು ಕ್ಯಾಲನ್‌ಬಾಕ್ ಅವರೊಡನೆ ಕೇಪ್‌ಟೌನಿನಿಂದ ಇಂಗ್ಲೆಂಡಿಗೆ ಮೂರನೆಯ ದರ್ಜೆಯಲ್ಲಿ ಹೊರಟರು. ಹದಿನೆಂಟು ದಿನ. ಮೂರನೆಯ ದರ್ಜೆಯವರಿಗೆ ಸಾಮಾನ್ಯವಾಗಿ ದೊರೆಯದ ಹಣ್ಣು, ಒಣಹಣ್ಣುಗಳನ್ನು ಇವರಿಗೆ ಒದಗಿಸುವಂತೆ ಅಪ್ಪಣೆಯಾಗಿತ್ತು. ಶ್ರೀಮಂತ ವಾಸ್ತುಶಿಲ್ಪಿಯಾಗಿದ್ದ ಕ್ಯಾಲನ್‌ಬಾಕ್ ಅವರಿಗೆ ದುರ್ಬೀನುಗಳೆಂದರೆ ಬಲು ಇಷ್ಟ. ಬೆಲೆಬಾಳುವ ಒಂದೆರಡು ಜೊತೆಯಲ್ಲೇ ಇದ್ದವು. ಸರಳ ಜೀವನದ ಆದರ್ಶಕ್ಕೆ ಇದು ಸರಿಯೇ ಎಂದು ದಿನವೂ ಚರ್ಚೆ. ಕೊನೆಗೊಂದು ದಿನ ಕೋಣೆಯ ಕಿಟಕಿಯ ಬಳಿ ನಿಂತು ಗಾಂಧೀಜಿ, ನಮ್ಮಿಬ್ಬರ ನಡುವಣ ಈ ಜಗಳದ ವಸ್ತುವನ್ನು ಸಮುದ್ರಕ್ಕೆ ಎಸೆದುಬಿಡಬಾರದೇಕೆ ಎಂದರು. ಎಸೆಯಿರಿ ಎಂದರು ಕ್ಯಾಲನ್‌ಬಾಕ್. ಏಳು ಪೌಂಡಿನ ಮಾಲು ಅಟ್ಲಾಂಟಿಕ್ ಸೇರಿತು. ಯಾರಿಗಾದರೂ ಕೊಟ್ಟುಬಿಡಬಹುದಿತ್ತಲ್ಲ ಎಂದು ನನ್ನ ಮಧ್ಯಮವರ್ಗದ ಮನಸ್ಸು ಈಗಲೂ ಮಿಡುಕುತ್ತದೆ. ಅವರು ಇಂಗ್ಲೆಂಡು ತಲುಪುವ ವೇಳೆಗೆ ಬ್ರಿಟನ್ ಮಹಾಯುದ್ಧಕ್ಕೆ ಇಳಿದು ಎರಡು ದಿನಗಳಾಗಿದ್ದವು.

ಮರುವರ್ಷ, 1915ರಲ್ಲಿ, ಕಲ್ಕತ್ತೆಯಿಂದ ರಂಗೂನಿಗೆ ಹೋಗುವಾಗ ಅವರು ಡೆಕ್ಕಿನ ಪ್ರಯಾಣಿಕರಾದರು. 1893ರಲ್ಲಿ ಬ್ಯಾರಿಸ್ಟರು ಬೇಡವೆಂದ ಅದೇ ಡೆಕ್ಕು. ಹಿಂದಿನ ವರ್ಷದ ಮೂರನೆಯ ದರ್ಜೆಗೂ ಇದಕ್ಕೂ ಅಜಗಜಾಂತರ. ಸ್ನಾನದ ಮನೆ ಕೊಳಕು. ಕಕ್ಕಸಿಗೆ ಹೋಗಬೇಕಾದರೆ ಹೊಲಸನ್ನು ತುಳಿದೋ ಹಾರಿಯೋ ಹೋಗಬೇಕು. ಮುಖ್ಯ ಅಧಿಕಾರಿಗೆ ದೂರಿತ್ತರೂ ಫಲವಾಗಲಿಲ್ಲ. ಅದೇ ಸಮುದ್ರವನ್ನು ದಾಟಿ ಬರ್ಮಾದಲ್ಲಿ ಕೂಲಿ ಮಾಡಲು ಹೋಗುತ್ತಿದ್ದ ಬಡವರು ಹೀಗೆಯೇ ಹೋಗುತ್ತಿದ್ದರು. ಅವರ ಪ್ರಯಾಣಕ್ಕೆ ಕೈಪಿಡಿ ಬರೆದವರೂ ಇಲ್ಲ.

1931ರ ಆಗಸ್ಟ್ 29ರಂದು ದುಂಡುಮೇಜಿನ ಪರಿಷತ್ತಿಗಾಗಿ ‘ರಾಜಪುತಾನಾ’ ಹಡಗಿನಲ್ಲಿ ಹೊರಟಾಗ ಅವರಿಗೆ ಅರವತ್ತೆರಡು ಸಮೀಪಿಸಿತ್ತು. ಅದೇ ಹಡಗಿನಲ್ಲಿದ್ದ ಪಂಡಿತ ಮಾಳವೀಯರು ಗಂಗಾಜಲವನ್ನು ಜೊತೆಗೆ ಒಯ್ದಿದ್ದರು. ಎರಡನೆಯ ದರ್ಜೆಯ ಟಿಕೆಟಿದ್ದರೂ ಗಾಂಧೀಜಿ ಡೆಕ್ಕಿನ ಮೇಲೆಯೇ ಇರುತ್ತಿದ್ದರು, ಅಲ್ಲಿಯೇ ಮಲಗುತ್ತಿದ್ದರು. ಚಳಿಯ ದೇಶಕ್ಕೆ ಹೋಗುವವರೆಂದು ಸ್ನೇಹಿತರು ಪ್ರೀತಿಯಿಂದ ತುಂಬಿಕೊಟ್ಟ ಪೆಟ್ಟಿಗೆಗಳು ಪರಿವಾರದವರ ಬಳಿ ರಾಶಿಯಾಗಿದ್ದವು. ಅವನ್ನು ಕಂಡು ಗಾಂಧೀಜಿ ಮಹಾದೇವ ದೇಸಾಯಿ ಮೊದಲಾದವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಏಡನ್ನಿನಲ್ಲಿ ಹಲವು ಪೆಟ್ಟಿಗೆಗಳನ್ನು ಇಳಿಸಿ ಭಾರತಕ್ಕೆ ಹಿಂದಕ್ಕೆ ಕಳುಹಿಸಿದರು.

ಇಷ್ಟನ್ನೂ ನಾನು ನಮ್ಮ ಮಿತ್ರರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಪಟ್ಟಿಯನ್ನು ಬಿಚ್ಚಿ, ಎರಡು ಜೊತೆ ಬೂಟಿನಲ್ಲಿ ಒಂದು ಜೊತೆಯನ್ನು ಹೊಡೆದುಹಾಕಿದರು. ಹುರಿಹಿಟ್ಟಿನ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತು ಮುಂದೆ ಹೋಯಿತು. ದುರ್ಬೀನಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.