ಆರ್ಡರ್ ನಿರ್ವಹಣಾ ತಂತ್ರಾಂಶ: ಸಣ್ಣ ಆನ್‌ಲೈನ್ ಮಳಿಗೆಯಲ್ಲಿ ಅದರ ಇತಿಹಾಸವೂ ಆಯ್ಕೆಯೂ

ಆರ್ಡರ್ ನಿರ್ವಹಣಾ ತಂತ್ರಾಂಶ: ಗ್ರಾಹಕನು ತನ್ನ ಬೇಡಿಕೆಯನ್ನು ಸಲ್ಲಿಸಿದ ಕ್ಷಣದಿಂದ ಮೊದಲ್ಗೊಂಡು, ದಾಸ್ತಾನಿನಲ್ಲಿ ಆ ವಸ್ತುವನ್ನು ಅವನ ಹೆಸರಿಗೆ ಕಾದಿರಿಸಿ, ಬಿಲ್ಲು ಬರೆದು, ಕಟ್ಟು ಕಟ್ಟಿ, ಕೊರಿಯರಿನವರಿಗೆ ಒಪ್ಪಿಸಿ, ಹಣ ಕೈಸೇರುವ ತನಕ, ಒಮ್ಮೊಮ್ಮೆ ಕಳುಹಿಸಿದ ವಸ್ತುವೇ ಹಿಂದಿರುಗಿ ಮತ್ತೆ ಕಪಾಟನ್ನು ಸೇರುವ ತನಕ ನಡೆಯುವ ಸಮಸ್ತ ವ್ಯವಹಾರವನ್ನೂ ಒಂದೇ ದಾಖಲೆಯಲ್ಲಿ ಹಿಡಿದಿಡುವ ಗಣಕಯಂತ್ರದ ವ್ಯವಸ್ಥೆ. ದೊಡ್ಡ ಸಂಸ್ಥೆಗಳು ತಮ್ಮ ಅಗತ್ಯಕ್ಕೆ ತಕ್ಕ ವ್ಯವಸ್ಥೆಯನ್ನು ತಾವೇ ರಚಿಸಿಕೊಳ್ಳಬಲ್ಲವು. ಸಣ್ಣ ಮಳಿಗೆಯಾದರೋ ಪರರು ರಚಿಸಿ ಬಾಡಿಗೆಗೆ ಕೊಡುವುದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆದಕಾರಣ ಸಣ್ಣ ವರ್ತಕನ ಪಾಲಿಗೆ ಈ ತಂತ್ರಾಂಶದ ಇತಿಹಾಸವು ಬಹುಮಟ್ಟಿಗೆ ಆಯ್ಕೆಯ ಇತಿಹಾಸವೇ ಆಗಿದೆ.

ಕಣ್ಣಿಗೆ ಕಾಣದ ಗ್ರಾಹಕನಿಗೆ ಸರಕು ಮಾರುವ ಪದ್ಧತಿ ಗಣಕಯಂತ್ರಕ್ಕಿಂತ ಬಹಳ ಹಿಂದಿನದು. ಅಮೆರಿಕದ ಷಿಕಾಗೊ ನಗರದಲ್ಲಿ ಆರನ್ ಮಾಂಟ್ಗೊಮರಿ ವಾರ್ಡ್ 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ ಹಳ್ಳಿಗಾಡಿನ ರೈತರಿಗೆ ಸರಕು ಕಳುಹಿಸತೊಡಗಿದನು. 1886ರಲ್ಲಿ ಗಡಿಯಾರಗಳ ವ್ಯಾಪಾರವನ್ನು ಆರಂಭಿಸಿದ ರಿಚರ್ಡ್ ಸಿಯರ್ಸ್ ಅದೇ ಮಾರ್ಗವನ್ನು ಹಿಡಿದು ಕಾಲಕ್ರಮದಲ್ಲಿ ಅವನನ್ನು ಮೀರಿಸಿದನು. ಆರ್ಡರುಗಳು ರಾಶಿರಾಶಿಯಾಗಿ ಬಂದು ಬೀಳತೊಡಗಿದ ಮೇಲೆ ಸಿಯರ್ಸ್ ರೋಬಕ್ ಸಂಸ್ಥೆಗೆ ಒದಗಿದ ಸಂಕಷ್ಟವು ಇಂದಿನ ಸಣ್ಣ ಮಳಿಗೆಯ ಸಂಕಷ್ಟಕ್ಕಿಂತ ಸ್ವರೂಪದಲ್ಲಿ ಭಿನ್ನವಾದುದಲ್ಲ: ಒಂದೇ ಆರ್ಡರಿನ ವಸ್ತುಗಳು ಬೇರೆ ಬೇರೆ ವಿಭಾಗಗಳಿಂದ ಬೇರೆ ಬೇರೆ ವೇಳೆಯಲ್ಲಿ ಬಂದು, ಕೆಲವು ಎರಡು ಸಲ ಹೋಗಿ, ಕೆಲವು ಹೋಗದೆಯೇ ಉಳಿಯುತ್ತಿದ್ದುವು. 1906ರಲ್ಲಿ ಷಿಕಾಗೊದಲ್ಲಿ ತೆರೆದ ಅದರ ಮಹಾಭವನದಲ್ಲಿ ಆಟೊ ಡೋರಿಂಗ್ ಎಂಬ ಮೇಲ್ವಿಚಾರಕನು ಜಾರಿಗೆ ತಂದ ಕ್ರಮದಂತೆ ಪ್ರತಿಯೊಂದು ಆರ್ಡರಿಗೂ ಹದಿನೈದು ನಿಮಿಷಗಳ ಒಂದು ಅವಧಿಯನ್ನು ಮೊದಲೇ ಗೊತ್ತುಪಡಿಸಿ, ಆ ಅವಧಿಯೊಳಗೆ ಎಲ್ಲ ವಿಭಾಗಗಳೂ ತಮ್ಮ ತಮ್ಮ ವಸ್ತುವನ್ನು ಕಟ್ಟು ಕಟ್ಟುವ ಸ್ಥಳಕ್ಕೆ ತಲಪಿಸಬೇಕೆಂದು ವಿಧಿಸಲಾಯಿತು. ಗಣಕಯಂತ್ರದ ನೆರವಿಲ್ಲದೆ ಸಾಧಿಸಿದ ಈ ಶಿಸ್ತನ್ನು ಆರ್ಡರ್ ನಿರ್ವಹಣೆಯ ನಿಜವಾದ ಆದಿಯೆಂದು ಪರಿಗಣಿಸುವುದು ಯುಕ್ತ.

ಭಾರತದಲ್ಲಿ ಇದಕ್ಕೆ ಸಮಾನವಾದ ಆದಿ ಅಂಚೆಯ ಇಲಾಖೆಯಲ್ಲಿದೆ. 1877ರಲ್ಲಿ ಇಲ್ಲಿ ಆರಂಭವಾದ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಪದ್ಧತಿಯಲ್ಲಿ ಅಂಚೆಯವನು ಕಟ್ಟನ್ನು ಕೊಟ್ಟು, ಬೆಲೆಯನ್ನು ವಸೂಲು ಮಾಡಿ, ಅದನ್ನು ಮಾರಿದವನಿಗೆ ತಲಪಿಸುತ್ತಿದ್ದನು. ಔಷಧಿಯ ಅಂಗಡಿಗಳೂ ಪುಸ್ತಕದ ಅಂಗಡಿಗಳೂ ಈ ಪದ್ಧತಿಯನ್ನು ನೆಚ್ಚಿಕೊಂಡುವು, ಮತ್ತು ಕನ್ನಡದ ಪ್ರಕಾಶಕರು ದೂರದೂರಿನ ಓದುಗರನ್ನು ಮುಟ್ಟಿದುದರಲ್ಲಿ ವಿ.ಪಿ.ಪಿ.ಯ ಪಾಲು ಅಲ್ಪವಾದುದಲ್ಲ. ಆದರೆ ತರಿಸಿಕೊಂಡವನು ಕಟ್ಟನ್ನು ಬಿಡಿಸಿಕೊಳ್ಳದಿದ್ದರೆ ಹೋಗುವ ವೆಚ್ಚವೂ ಬರುವ ಶ್ರಮವೂ ಮಾರಿದವನ ತಲೆಗೇ ಬರುತ್ತಿತ್ತು. 2010ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ ‘ಕ್ಯಾಶ್ ಆನ್ ಡೆಲಿವರಿ’ಯನ್ನು ಆರಂಭಿಸಿದಾಗ ಹಳೆಯ ವಿ.ಪಿ.ಪಿ.ಯ ಗುಣವೂ ದೋಷವೂ ಒಟ್ಟಿಗೇ ಮರಳಿ ಬಂದುವು. ಇಂದಿನ ಮಾರಾಟಗಾರರು ‘ಆರ್‌ಟಿಓ’ (ರಿಟರ್ನ್ ಟು ಒರಿಜಿನ್) ಎಂದು ನಿಟ್ಟುಸಿರಿಟ್ಟು ಹೇಳುವುದು ಈ ಹಿಂದಿರುಗಿದ ಕಟ್ಟುಗಳನ್ನೇ. ಪರದೇಶಗಳಲ್ಲಿ ರಚಿತವಾದ ಎಷ್ಟೋ ತಂತ್ರಾಂಶಗಳು ಹಣ ಮುಂಗಡವಾಗಿಯೇ ಬಂದಿರುತ್ತದೆಂಬ ನಂಬಿಕೆಯ ಮೇಲೆ ನಿಂತಿರುವುದರಿಂದ ನಮ್ಮ ವರ್ತಕನಿಗೆ ಅವು ಅರ್ಧ ಮಾತ್ರ ಉಪಯುಕ್ತವಾಗುವುವು.

ಗಣಕಯಂತ್ರವು ಈ ಕ್ಷೇತ್ರವನ್ನು ಪ್ರವೇಶಿಸಿದುದು ಚಹದ ಅಂಗಡಿಗಳ ಮೂಲಕ. ಇಂಗ್ಲೆಂಡಿನ ಲಯನ್ಸ್ ಸಂಸ್ಥೆಯು ತನ್ನ ಉಪಾಹಾರ ಗೃಹಗಳಿಗಾಗಿ ರಚಿಸಿಕೊಂಡ ‘ಲಿಯೊ’ ಯಂತ್ರವು 1951ರಲ್ಲಿ ಕೆಲಸಕ್ಕೆ ತೊಡಗಿ, 1954ರಿಂದ ಚಹದಂಗಡಿಗಳ ದಿನದಿನದ ಬೇಡಿಕೆಯನ್ನು ಲೆಕ್ಕಹಾಕತೊಡಗಿತು. ಪ್ರತಿ ಅಂಗಡಿಗೂ ಒಂದು ನಿಶ್ಚಿತ ಬೇಡಿಕೆಯ ಪಟ್ಟಿಯಿರುತ್ತಿತ್ತು. ಆ ದಿನದ ವ್ಯತ್ಯಾಸವನ್ನು ಮಾತ್ರ ಮೇಲ್ವಿಚಾರಕಿಯು ದೂರವಾಣಿಯಲ್ಲಿ ತಿಳಿಸಿದರೆ ಸಾಕಾಗುತ್ತಿತ್ತು. ಎಲ್ಲವನ್ನೂ ಮತ್ತೆ ಮತ್ತೆ ಬರೆಯದೆ ಮಾಮೂಲಿಗೆ ಹೊರತಾದುದನ್ನು ಮಾತ್ರ ಮನುಷ್ಯನ ಗಮನಕ್ಕೆ ತರಬೇಕೆಂಬ ಈ ತತ್ತ್ವವು ಎಪ್ಪತ್ತು ವರ್ಷಗಳ ಅನಂತರವೂ ಒಳ್ಳೆಯ ತಂತ್ರಾಂಶವನ್ನು ಗುರುತಿಸುವ ಲಕ್ಷಣವಾಗಿ ಉಳಿದಿದೆ. 1972ರಲ್ಲಿ ಜರ್ಮನಿಯಲ್ಲಿ ಸ್ಥಾಪಿತವಾದ ಎಸ್‌ಎಪಿ ಮೊದಲಾದ ಸಂಸ್ಥೆಗಳು ಮಾರಾಟ, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದುವಾದರೂ ಅವುಗಳ ವೆಚ್ಚವನ್ನು ಭರಿಸುವ ಶಕ್ತಿ ಕಾರ್ಖಾನೆಗಳಿಗಿತ್ತು, ಸಣ್ಣ ವರ್ತಕನಿಗಿರಲಿಲ್ಲ.

ಸಣ್ಣ ವರ್ತಕನ ಸರದಿ ಬಂದುದು ಅಂತರ್ಜಾಲದೊಡನೆ. 1995ರಲ್ಲಿ ಅಮೆಜಾನ್ ಮತ್ತು ಈಬೇ ತಾಣಗಳು ತೆರೆದ ಅದೇ ವರ್ಷ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಅವರು, ಯಾರು ಬೇಕಾದರೂ ತಮ್ಮ ಬ್ರೌಸರಿನಲ್ಲೇ ಮಳಿಗೆಯನ್ನು ನಿರ್ಮಿಸಿಕೊಳ್ಳಬಹುದಾದ ವಯಾವೆಬ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಯಾಹೂ ಸಂಸ್ಥೆ ಅದನ್ನು 1998ರಲ್ಲಿ ಕೊಂಡಿತು. 2000ದಲ್ಲಿ ಬಂದ ಓಎಸ್‌ಕಾಮರ್ಸ್ ಬೆಲೆಯಿಲ್ಲದೆ ದೊರೆಯುವ ಮುಕ್ತ ತಂತ್ರಾಂಶವಾಗಿತ್ತು. ಕೆನಡದಲ್ಲಿ ಹಿಮದ ಹಲಗೆಗಳನ್ನು ಮಾರಲು ಹೊರಟ ಟೋಬಿ ಲುಟ್ಕೆ ತನ್ನ ಅಂಗಡಿಗೆಂದು ಬರೆದುಕೊಂಡ ತಂತ್ರಾಂಶವೇ 2006ರಲ್ಲಿ ಶಾಪಿಫೈ ಎಂಬ ಹೆಸರಿನಿಂದ ಹೊರಬಂದಿತು. 2011ರ ವೂಕಾಮರ್ಸ್, ವರ್ಡ್‌ಪ್ರೆಸ್ ಬಲ್ಲ ಎಲ್ಲರಿಗೂ ಮಳಿಗೆಯನ್ನು ಸುಲಭಗೊಳಿಸಿತು. ಇವುಗಳಲ್ಲಿ ಆರ್ಡರಿನ ಪುಟವೊಂದಿತ್ತು. ಮಳಿಗೆ ಒಂದೇ ಆಗಿರುವಷ್ಟು ಕಾಲ ಅದು ಸಾಲುತ್ತಿತ್ತು.

ಮಳಿಗೆ ಒಂದೇ ಆಗಿ ಉಳಿಯದಿದ್ದುದೇ ಪ್ರತ್ಯೇಕ ತಂತ್ರಾಂಶದ ಜನ್ಮಕ್ಕೆ ಕಾರಣವಾಯಿತು. ಇಳಕಲ್ ಸೀರೆಯೊಂದನ್ನು ಸ್ವಂತ ತಾಣದಲ್ಲೂ ಎರಡು ದೊಡ್ಡ ಮಾರುಕಟ್ಟೆ ತಾಣಗಳಲ್ಲೂ ಪ್ರದರ್ಶಿಸಿದ ವರ್ತಕನಿಗೆ ಒಂದೇ ಸಂಜೆ ಎರಡು ಕಡೆಗಳಿಂದ ಆರ್ಡರು ಬಂದರೆ, ಒಬ್ಬ ಗ್ರಾಹಕನಿಗೆ ಇಲ್ಲವೆನ್ನುವುದು ಅನಿವಾರ್ಯ. ಅದರಿಂದ ಮಾರುಕಟ್ಟೆ ತಾಣದಲ್ಲಿ ಅವನ ಯೋಗ್ಯತೆಯ ಅಂಕವೂ ಕುಗ್ಗುವುದು. ಎಷ್ಟು ಕಡೆ ಮಾರಿದರೂ ದಾಸ್ತಾನಿನ ಸತ್ಯವು ಒಂದೇ ಕಡೆ ಇರಬೇಕು, ಒಂದೆಡೆ ಮಾರಾಟವಾದೊಡನೆ ಉಳಿದೆಡೆಗಳಲ್ಲಿ ಸಂಖ್ಯೆ ತಾನಾಗಿ ಇಳಿಯಬೇಕು ಎಂಬುದೇ ಈ ತಂತ್ರಾಂಶಗಳ ಮೂಲಮಂತ್ರ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 2007ರಲ್ಲಿ ಬ್ರೈಟ್‌ಪರ್ಲ್, ಸಿಂಗಪುರದಲ್ಲಿ 2012ರಲ್ಲಿ ಟ್ರೇಡ್‌ಗೆಕೊ, ವೇಲ್ಸ್ ಪ್ರಾಂತದಲ್ಲಿ ಗಡಿಯಾರಗಳ ಮಾರಾಟಗಾರನೊಬ್ಬನ ಅನುಭವದಿಂದ ವೀಕೊ, ಅಮೆರಿಕದಲ್ಲಿ ಸ್ಟಿಚ್ ಲ್ಯಾಬ್ಸ್ ಮತ್ತು ಶಿಪ್‌ಸ್ಟೇಷನ್ ಹೀಗೆ ಹುಟ್ಟಿಕೊಂಡುವು.

ಅನಂತರದ ದಶಕವು ಕಲಿಸಿದ ಪಾಠ ಕಠಿಣವಾದುದು. 2020ರಲ್ಲಿ ಇಂಟ್ಯೂಟ್ ಸಂಸ್ಥೆ ಟ್ರೇಡ್‌ಗೆಕೊವನ್ನು ಕೊಂಡು, ಹೆಸರನ್ನು ಬದಲಿಸಿ, 2022ರಲ್ಲಿ ಅದನ್ನು ನಿಲ್ಲಿಸಿತು. ಅದೇ 2020ರಲ್ಲಿ ಸ್ಕ್ವೇರ್ ಸಂಸ್ಥೆಯು ಕೊಂಡ ಸ್ಟಿಚ್ ಲ್ಯಾಬ್ಸ್ ಮರುವರ್ಷವೇ ಮುಚ್ಚಿತು. ಬ್ರೈಟ್‌ಪರ್ಲ್ 2022ರಲ್ಲಿ ಸೇಜ್ ಸಂಸ್ಥೆಯ ಪಾಲಾಯಿತು. ವೀಕೊ ಅಮೆಜಾನಿನ ವಶವಾಗಿ ಉಚಿತವಾಗಿ ದೊರೆಯತೊಡಗಿತು. ಗ್ರಾಹಕರ ವಿಳಾಸ, ಸರಕಿನ ಸಂಕೇತ, ಮಾರಾಟದ ಚರಿತ್ರೆ ಎಲ್ಲವನ್ನೂ ಮುಚ್ಚಿಹೋದ ತಂತ್ರಾಂಶದೊಳಗೆ ತುಂಬಿಟ್ಟಿದ್ದ ವರ್ತಕರು ಕೆಲವೇ ತಿಂಗಳುಗಳಲ್ಲಿ ಬೇರೊಂದಕ್ಕೆ ವಲಸೆ ಹೋಗಬೇಕಾಯಿತು. ತಂತ್ರಾಂಶವು ಏನೇನು ಮಾಡಬಲ್ಲದು ಎಂಬ ಪ್ರಶ್ನೆಗಿಂತ, ಅದು ಇಲ್ಲವಾದಾಗ ನಮ್ಮ ದಾಖಲೆಗಳು ಯಾವ ರೂಪದಲ್ಲಿ ನಮ್ಮ ಕೈಗೆ ಮರಳುತ್ತವೆ ಎಂಬ ಪ್ರಶ್ನೆಯನ್ನು ಮುಂದಿಟ್ಟು ವಿಚಾರಿಸಬೇಕೆಂಬುದಕ್ಕೆ ಈ ಘಟನೆಗಳೇ ಸಾಕ್ಷಿ.

ಭಾರತದಲ್ಲಿ ಆನ್‌ಲೈನ್ ವ್ಯಾಪಾರದ ಆದಿಪರ್ವಕ್ಕೂ ಬೆಂಗಳೂರಿಗೂ ನಿಕಟವಾದ ಸಂಬಂಧವಿದೆ. 1999ರಲ್ಲಿ ಇಲ್ಲಿ ಫ್ಯಾಬ್‌ಮಾರ್ಟ್, 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭವಾದುವು. ಅವೆರಡಕ್ಕಿಂತ ಮೊದಲೇ, 1986ರಲ್ಲಿ ಇದೇ ನಗರದಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಸ್ಥಾಪಿಸಿದ ಸಂಸ್ಥೆಯ ‘ಟ್ಯಾಲಿ’ ಎಂಬ ಲೆಕ್ಕಪತ್ರದ ತಂತ್ರಾಂಶವು ನಾಡಿನ ವರ್ತಕರ ಖಾತೆಪುಸ್ತಕವಾಗಿ ನೆಲೆಸಿತ್ತು. ಆದುದರಿಂದ 2012ರ ಯೂನಿಕಾಮರ್ಸ್, 2015ರ ಜೋಹೊ ಇನ್ವೆಂಟರಿ ಮೊದಲಾದ ಆರ್ಡರ್ ತಂತ್ರಾಂಶಗಳನ್ನು ತೂಗಿ ನೋಡುವ ವರ್ತಕನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಟ್ಯಾಲಿಗೆ ಲೆಕ್ಕ ಹೋಗುವುದೇ ಎಂಬುದೂ ಒಂದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಈ ಪ್ರಶ್ನೆಗೆ ಹೊಸ ತೂಕ ಬಂದಿತು: ಸರಕು ರಾಜ್ಯದೊಳಗೇ ಹೋದರೆ ಒಂದು ಬಗೆಯ ತೆರಿಗೆ, ಗಡಿ ದಾಟಿದರೆ ಮತ್ತೊಂದು, 2018ರ ಅಕ್ಟೋಬರಿನಿಂದ ಮಾರುಕಟ್ಟೆ ತಾಣಗಳು ಮಾರಾಟದ ಹಣದಲ್ಲಿ ಶೇಕಡ 1ರಷ್ಟು ತೆರಿಗೆಯನ್ನು ಹಿಡಿದುಕೊಳ್ಳತೊಡಗಿದುವು, 2024ರ ಜುಲೈನಲ್ಲಿ ಅದು ಅರ್ಧಕ್ಕಿಳಿಯಿತು. ಇವನ್ನೆಲ್ಲ ಪ್ರತಿ ಆರ್ಡರಿಗೂ ಕೈಯಿಂದ ಲೆಕ್ಕಹಾಕುವುದು ಆಯಾಸಕರ, ಹಿಂದಿರುಗಿದ ಕಟ್ಟಿಗೆ ಮತ್ತೆ ತಿದ್ದುವುದು ಅದಕ್ಕಿಂತ ಆಯಾಸಕರ. 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನಲ್ಲಿ ಸಾರ್ವಜನಿಕ ಪರೀಕ್ಷೆಗೆ ತೆರೆದ ಓಎನ್‌ಡಿಸಿ ಎಂಬ ಮುಕ್ತ ಡಿಜಿಟಲ್ ವಾಣಿಜ್ಯ ಜಾಲವು ಮಾರಾಟದ ಮತ್ತೊಂದು ಬಾಗಿಲನ್ನು ತೆರೆದು, ದಾಸ್ತಾನಿನ ಐಕ್ಯದ ಅಗತ್ಯವನ್ನು ಹೆಚ್ಚಿಸಿತು.

ದಿನಕ್ಕೆ ಹತ್ತು ಹದಿನೈದು ಆರ್ಡರುಗಳಿದ್ದು ಒಂದೇ ತಾಣದಲ್ಲಿ ಮಾರುವ ಮಳಿಗೆಗೆ ಪ್ರತ್ಯೇಕ ತಂತ್ರಾಂಶವು ಅನಗತ್ಯ. ಎಕ್ಸೆಲ್ ಹಾಳೆಯೂ ಮಳಿಗೆಯ ಆರ್ಡರ್ ಪುಟವೂ ಸಾಕು. ಮಾರಾಟದ ದಾರಿಗಳು ಎರಡಕ್ಕಿಂತ ಹೆಚ್ಚಾದಾಗ, ಗೋದಾಮು ಎರಡಾದಾಗ, ಹಿಂದಿರುಗುವ ಕಟ್ಟುಗಳ ಲೆಕ್ಕ ಕೈತಪ್ಪಿದಾಗ ಅದರ ಅಗತ್ಯ ತಲೆದೋರುತ್ತದೆ. ಆಗಲೂ ಹಣ ತೆರುವ ಮುನ್ನ, ಪರೀಕ್ಷೆಗೆಂದು ಕೊಡುವ ಅವಧಿಯಲ್ಲಿ, ವರ್ತಕನು ತನ್ನದೇ ಸರಕಿನ ಪಟ್ಟಿಯನ್ನು ತುಂಬಿ, ಎರಡು ವಸ್ತುಗಳ ಒಂದು ಆರ್ಡರನ್ನು ಹಾಕಿ, ಒಂದನ್ನು ಮಾತ್ರ ಹಿಂದಿರುಗಿಸಿ, ದಾಸ್ತಾನೂ ತೆರಿಗೆಯೂ ಸರಿಯಾಗಿ ತಿದ್ದಿಕೊಂಡುವೇ ಎಂದು ನೋಡಿ, ಕೊನೆಗೆ ಸಮಸ್ತ ದಾಖಲೆಯನ್ನೂ ತನ್ನ ಗಣಕಯಂತ್ರಕ್ಕೆ ಇಳಿಸಿಕೊಳ್ಳಲು ಪ್ರಯತ್ನಿಸತಕ್ಕದ್ದು. ಈ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ತಂತ್ರಾಂಶವು ಎಷ್ಟೇ ಅಗ್ಗವಾಗಿದ್ದರೂ ಸಣ್ಣ ಮಳಿಗೆಗೆ ತಕ್ಕುದಲ್ಲ.