ಜೋಕಾಲಿಯ ಮಾತು, ಸುಳಿಯ ಮಾತು

ಪಿಯುಸಿಯಲ್ಲಿ ಭೌತವಿಜ್ಞಾನ ಓದಿದವರು ಈ ವಾಕ್ಯವನ್ನು ಒಮ್ಮೆಯಾದರೂ ಉರುಹೊಡೆದಿರುತ್ತಾರೆ: ಆಂದೋಲನವೆಲ್ಲ ಆವರ್ತ ಚಲನೆಯೇ, ಆವರ್ತ ಚಲನೆಯೆಲ್ಲ ಆಂದೋಲನವಲ್ಲ. ಒಂದು ಅಂಕಕ್ಕೆ ಅಷ್ಟು ಸಾಕು. ನನಗೆ ಅಂಕ ಸಿಕ್ಕಿತ್ತು, ಅರ್ಥ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಎರಡೂ ಪದಗಳ ಹೊಟ್ಟೆ ಬಗೆದು ನೋಡಿದಾಗ.

ಆಂದೋಲನದ ಹೊಟ್ಟೆಯಲ್ಲಿರುವುದು ಜೋಕಾಲಿ. ಸಂಸ್ಕೃತದ ದೋಲಾ ಎಂದರೆ ಉಯ್ಯಾಲೆ. ಆಂದೋಲಿಕೆ ಎಂದರೆ ಬೋಯಿಗಳ ಹೆಗಲ ಮೇಲೆ ತೂಗುತ್ತ ಸಾಗುವ ಪಲ್ಲಕ್ಕಿ. ಅತ್ತಲೋ ಇತ್ತಲೋ ಎಂದು ತೊಯ್ದಾಡುವ ಮನಸ್ಸು ಡೋಲಾಯಮಾನ. ಆವರ್ತದ ಹೊಟ್ಟೆಯಲ್ಲಿರುವುದು ಸುಳಿ. ಹೊಳೆಯ ಸುಳಿಯೂ ಆವರ್ತ, ನೆತ್ತಿಯ ಕೂದಲಿನ ಸುಳಿಯೂ ಆವರ್ತ. ನಂದಿಬಟ್ಟಲು ಸಂಸ್ಕೃತದಲ್ಲಿ ನಂದ್ಯಾವರ್ತವಾದದ್ದು ಅದರ ಎಸಳುಗಳು ಗಿರಿಗಿಟ್ಟಲೆಯಂತೆ ಒಂದೇ ಕಡೆಗೆ ತಿರುಚಿಕೊಂಡಿರುವುದರಿಂದ ಇರಬೇಕು. ಅದೇ ಬೇರಿನ ಆವೃತ್ತಿ ಪುಸ್ತಕದಂಗಡಿಯಲ್ಲಿ ಒಂದು ಕೆಲಸ ಮಾಡುತ್ತದೆ, ಸೆಕೆಂಡಿಗೆ ಎಷ್ಟು ಕಂಪನ ಎಂದು ಎಣಿಸುವ ಪ್ರಯೋಗಶಾಲೆಯಲ್ಲಿ ಇನ್ನೊಂದು.

ಸುಳಿಗೆ ತಿರುಗಿ ಬರುವುದಷ್ಟೇ ಗೊತ್ತು. ಜೋಕಾಲಿಗೆ ಒಂದು ನಡು, ಅಂದರೆ ಸಮತೋಲನ ಸ್ಥಾನ, ಬೇಕು: ಸುಮ್ಮನೆ ಬಿಟ್ಟರೆ ಬಂದು ನಿಲ್ಲುವ ಜಾಗ, ಎಷ್ಟು ದೂರ ಜೀಕಿದರೂ ಹಿಂದಕ್ಕೆ ಎಳೆಯುವ ಜಾಗ. ಭೂಮಿ 365 ಕಾಲು ದಿನಕ್ಕೊಮ್ಮೆ ಸೂರ್ಯನನ್ನು ಸುತ್ತಿ ಬರುತ್ತದೆ, ಆದರೆ ಆ ದಾರಿಯಲ್ಲಿ ಅದಕ್ಕೆ ತವರು ಎಂಬ ಬಿಂದುವಿಲ್ಲ. ಹಾಗಾಗಿ ಆವರ್ತ ಹೌದು, ಆಂದೋಲನ ಅಲ್ಲ.

ಹಾಗೆಂದು ಇವು ಪರಸ್ಪರ ಅಪರಿಚಿತರೇನಲ್ಲ. 1610ರ ಜನವರಿಯಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಕಂಡದ್ದು ಗುರುಗ್ರಹದ ಆಚೀಚೆ ಒಂದೇ ಗೆರೆಯ ಮೇಲೆ ಜಾಗ ಬದಲಿಸುತ್ತಿದ್ದ ಚುಕ್ಕೆಗಳನ್ನು. ಆ ಉಪಗ್ರಹಗಳು ಗುರುವನ್ನು ಸುತ್ತುತ್ತಿದ್ದವು, ಅಂಚಿನಿಂದ ನೋಡಿದವನಿಗೆ ತೂಗುತ್ತಿದ್ದವು. ಇದಕ್ಕೆ ದೂರದರ್ಶಕವೇ ಬೇಕಿಲ್ಲ. ರಾಗಿ ಬೀಸುವಾಗ ಕಲ್ಲಿನ ಮಟ್ಟಕ್ಕೆ ಕಣ್ಣಿಟ್ಟು ಗೂಟವನ್ನು ನೋಡಿದರೂ ಆಯಿತು. ಮೇಲಿನಿಂದ ವೃತ್ತ, ಪಕ್ಕದಿಂದ ಜೋಕಾಲಿ.

ಇನ್ನು ಆ ಒಂದು ಅಂಕದ ವಾಕ್ಯ. ಅದರ ಮೊದಲರ್ಧ ಪೂರ್ತಿ ನಿಜವಲ್ಲ. ನಾಗರ ಪಂಚಮಿಗೆ ಬೇವಿನ ಕೊಂಬೆಗೆ ನಾಲ್ಕು ಮೀಟರ್ ಹಗ್ಗದ ಜೋಕಾಲಿ ಕಟ್ಟಿದ್ದೀರಿ ಎನ್ನಿ. ಹೋಗಿ ಬರಲು ಹತ್ತಿರ ಹತ್ತಿರ ನಾಲ್ಕು ಸೆಕೆಂಡು. ಹಗ್ಗ ಒಂದು ಮೀಟರಿಗಿಳಿದರೆ ಎರಡೇ ಸೆಕೆಂಡು. ಕೂತವರು ಮಗುವೋ ಮಾವನೋ, ಹಗ್ಗಕ್ಕೆ ಲೆಕ್ಕವಿಲ್ಲ. ಆದರೆ ಜೀಕುವುದನ್ನು ನಿಲ್ಲಿಸಿದಿರೋ, ಪ್ರತಿ ಸಲವೂ ಹೋಗುವ ದೂರ ಕೊಂಚ ಕೊಂಚ ಕಡಿಮೆ. ಹಿಂದಿನ ಓಲಾಟದ ಪಡಿಯಚ್ಚು ಮತ್ತೆಂದೂ ಬಾರದು. ಪಡಿಯಚ್ಚೇ ಬಾರದಿದ್ದರೆ ಆವರ್ತ ಎಲ್ಲಿ ಬಂತು? ನಾನು ಓದಿದ ಪಠ್ಯಪುಸ್ತಕವೂ ಕೆಲವು ಪುಟ ಬಿಟ್ಟು ಅವಮಂದಿತ ಆಂದೋಲನ ಎಂದು ಇದನ್ನೇ ಹೇಳುತ್ತಿತ್ತು, ಮೊದಲು ಆಡಿದ ಮಾತನ್ನು ಮಾತ್ರ ವಾಪಸು ಪಡೆಯುತ್ತಿರಲಿಲ್ಲ. ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದಾಗ, ತೂಕದ ಕಲ್ಲೊಂದು ಇಳಿಯುತ್ತ ಪ್ರತಿ ಸಲವೂ ಲೋಲಕಕ್ಕೆ ಸಣ್ಣದೊಂದು ತಳ್ಳು ಕೊಡಬೇಕಾಯಿತು. ತೊಟ್ಟಿಲು ತೂಗುವ ಕೈ ಮಾಡುವುದೂ ಅದನ್ನೇ. ಆಂದೋಲನ ತಾನಾಗಿ ಆವರ್ತವಾಗುವುದಿಲ್ಲ, ಯಾರಾದರೂ ದುಡಿಯಬೇಕು.

ರಾಜಕೀಯದಲ್ಲಿ ಈ ಪದದ ಪಾಡು ಬೇರೆ. ಹಿಂದಿಯಲ್ಲಿ ಜನ ಬೀದಿಗಿಳಿದರೆ ಆಂದೋಲನ. ನಾವು ಮಾತ್ರ ಗೋಕಾಕ್ ಚಳವಳಿ, ರೈತ ಚಳವಳಿ, ಅಪ್ಪಿಕೋ ಚಳವಳಿ ಎಂದೆವು; ಆಂದೋಲನ ಹೆಚ್ಚಾಗಿ ಸರ್ಕಾರದ ಬ್ಯಾನರಿಗೆ ಹೋಯಿತು. ಸ್ವಚ್ಛತಾ ಆಂದೋಲನ, ಸಾಕ್ಷರತಾ ಆಂದೋಲನ. ಮೈಸೂರಿನವರು ತಮ್ಮ ದಿನಪತ್ರಿಕೆ ‘ಆಂದೋಲನ’ದ ಹೆಸರು ಎತ್ತಿ ನನ್ನನ್ನು ತಿದ್ದಬಹುದು, ತಿದ್ದಲಿ. ಆದರೂ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡ ಮರುದಿನವೇ ಬೀದಿ ತನ್ನ ಸಮತೋಲನ ಸ್ಥಾನಕ್ಕೆ ಮರಳುವುದನ್ನು ಕಂಡಾಗ, ಬ್ಯಾನರ್ ಬರೆದವರಿಗೆ ಭೌತವಿಜ್ಞಾನ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಎರಡೂ ಪದಗಳು ಜಗಳವಿಲ್ಲದೆ ಒಟ್ಟಿಗೆ ಕೂರುವುದು ಸಂಗೀತದಲ್ಲಿ. ಸಂಗೀತಶಾಸ್ತ್ರಜ್ಞ ಶಾರ್ಙ್ಗದೇವ 13ನೇ ಶತಮಾನದಲ್ಲೇ ಆಂದೋಲಿತವನ್ನು ಗಮಕಗಳ, ಅಂದರೆ ಸ್ವರದ ಬಳುಕುಗಳ, ಪಟ್ಟಿಗೆ ಸೇರಿಸಿದ್ದ. ದರ್ಬಾರಿ ಕಾನಡದ ಕೋಮಲ ಗಾಂಧಾರ ಕೇಳಿ: ಅದು ನಿಲ್ಲುವುದಿಲ್ಲ, ತನ್ನ ನಡುವನ್ನು ಹುಡುಕುತ್ತ ನಿಧಾನಕ್ಕೆ ತೂಗುತ್ತದೆ. ಆ ತೂಗಾಟ ಗಡಿಯಾರದಷ್ಟು ಕರಾರುವಾಕ್ಕಾದರೆ ರಾಗ ಸತ್ತಿತು. ಪಕ್ಕದಲ್ಲೇ ತಬಲಾದವರು ತೀನ್‌ತಾಳದ 16 ಮಾತ್ರೆಗಳನ್ನು ಸುತ್ತುತ್ತಿರುತ್ತಾರೆ, ಆವರ್ತದ ಮೇಲೆ ಆವರ್ತ. ಅಲ್ಲಿ ಒಂದು ಮಾತ್ರೆ ಅತ್ತಿತ್ತಾದರೆ ಸಭೆಯೇ ತಿರುಗಿ ನೋಡುತ್ತದೆ. ತೂಗುವ ಸ್ವರ, ಸುತ್ತುವ ತಾಳ ಎರಡೂ ಆವರ್ತದ ಮೊದಲ ಮಾತ್ರೆಯಾದ ಸಮದ ಮೇಲೆ ಕೂಡಿದಾಗ ಮುಂದಿನ ಸಾಲಿನ ಹಿರಿಯರು ಏನು ಮಾಡುತ್ತಾರೆ? ತಲೆದೂಗುತ್ತಾರೆ. ಆವರ್ತಕ್ಕೊಮ್ಮೆ.